ಜಟೆಯ ಬುಡ ಸವೆಯದಂತೆ, ನಡುವೆ ತುಂಡಾಗದಂತೆ ನೋಡಿಕೊಳ್ಳುವುದು ಹೇಗೆ?

ಡ್ರೆಡ್‌ಲಾಕ್ಸ್, ಅಂದರೆ ಕೂದಲು ಹಗ್ಗದಂತೆ ಹೆಣೆದುಕೊಂಡ ಜಟೆ, ಬಿಟ್ಟವರು ಮೊದಲ ಒಂದೆರಡು ವರ್ಷ ಜಟೆ ಯಾವಾಗ ಗಟ್ಟಿಯಾಗುತ್ತದೆಯೋ ಎಂದು ಕಾಯುತ್ತಾರೆ. ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಜಟೆ ಬುಡದಲ್ಲಿ ಸಣ್ಣಗಾಗುತ್ತಿರುವುದನ್ನು ಕಂಡು ಗಾಬರಿಯಾಗುತ್ತಾರೆ. ಇವೆರಡಕ್ಕೂ ನಂಟಿದೆ. ಜಟೆ ಬೇಗ ಅಚ್ಚುಕಟ್ಟಾಗಲೆಂದು ಪದೇ ಪದೇ ಹೊಸೆದು, ಬಿಗಿದು, ಮೇಣ ಮೆತ್ತಿದ್ದರ ಪರಿಣಾಮ ಕಾಣಿಸಿಕೊಳ್ಳುವುದು ವರ್ಷಗಳ ನಂತರ. ಆದ್ದರಿಂದ ಜಟೆಯನ್ನು ಬಲವಾಗಿ ಉಳಿಸಿಕೊಳ್ಳಬೇಕೆನ್ನುವವರು ಏನು ಹಚ್ಚಬೇಕೆಂದು ಕೇಳುವ ಮೊದಲು ಯಾವುದನ್ನು ಕಡಿಮೆ ಮಾಡಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಕಾರಣ ಜಟೆಯ ರಚನೆಯಲ್ಲೇ ಇದೆ. ಯಾರ ತಲೆಯಿಂದಲಾದರೂ ದಿನಕ್ಕೆ ಸುಮಾರು 50ರಿಂದ 100 ಕೂದಲು ಸಹಜವಾಗಿ ಬುಡದಿಂದ ಕಳಚಿಕೊಳ್ಳುತ್ತವೆ. ಬಿಡಿ ಕೂದಲಿನವರಿಗೆ ಅವು ಬಾಚಣಿಗೆಯಲ್ಲಿ ಸಿಗುತ್ತವೆ. ಜಟೆಯಲ್ಲಾದರೆ ಅಲ್ಲೇ ಸಿಕ್ಕಿಕೊಂಡು ಉಳಿಯುತ್ತವೆ. ಹಗ್ಗದಲ್ಲಿ ತುಂಡು ನಾರುಗಳು ಒಂದನ್ನೊಂದು ಹಿಡಿದುಕೊಂಡಿರುವ ಹಾಗೆ, ಹಳೆಯ ಜಟೆಯ ಮೈಯಲ್ಲಿ ಬೇರಿನ ಸಂಬಂಧ ಕಳೆದುಕೊಂಡ ಕೂದಲೇ ಬೇಕಾದಷ್ಟಿರುತ್ತದೆ. ಆದರೆ ಇಡೀ ಭಾರವನ್ನು ಹೊರುವುದು ಚರ್ಮಕ್ಕೆ ಅಂಟಿಕೊಂಡಿರುವ ಕೂದಲು ಮಾತ್ರ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿದ್ದು, ಅದನ್ನು 100 ಜಟೆಗಳಾಗಿ ವಿಂಗಡಿಸಿದರೆ ಒಂದೊಂದರ ಪಾಲಿಗೆ ಬರುವುದು ಸರಾಸರಿ 1,000 ಬೇರುಗಳು. 300 ಜಟೆ ಮಾಡಿಕೊಂಡರೆ ಮುನ್ನೂರು ಚಿಲ್ಲರೆ. ಈ ಲೆಕ್ಕ ಮೊದಲ ದಿನ ಬೈತಲೆ ತೆಗೆದಾಗಲೇ ನಿಗದಿಯಾಗುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಜಟೆ ಉದ್ದವಾಗುತ್ತಾ ಭಾರವಾಗುತ್ತದೆ, ಅದನ್ನು ಹೊರುವ ಬೇರುಗಳು ಮಾತ್ರ ಹೆಚ್ಚುವುದಿಲ್ಲ. ಹೀಗಾಗಿ ಬಹಳ ಸಣ್ಣ ಜಟೆಗಳನ್ನು ಸೊಂಟದವರೆಗೆ ಬೆಳೆಸುವ ಆಸೆ ಇರುವವರು ಆರಂಭದಲ್ಲೇ ಎರಡು ಬಾರಿ ಯೋಚಿಸಬೇಕು.

ಬುಡದ ಸ್ಥಿತಿ ತಿಳಿಯಲು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳುವ ಅಭ್ಯಾಸ ಇರಲಿ. ತಲೆ ತೊಳೆದು ಪೂರ್ತಿ ಒಣಗಿದ ಮೇಲೆ, ಕಿಟಕಿಯ ಬೆಳಕಿನಲ್ಲಿ ಕನ್ನಡಿಯೆದುರು ಕುಳಿತು, ಒಂದು ಜಟೆಯನ್ನು ಎಳೆಯದೆ ಮೇಲಕ್ಕೆತ್ತಿ ಹಿಡಿಯಿರಿ. ಚರ್ಮದಿಂದ ಒಂದು ಬೆರಳಿನಗಲ ದೂರದವರೆಗಿನ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ನೋಡಿ, ಅದರ ದಪ್ಪವನ್ನು ಒಂದು ಗೇಣು ಕೆಳಗಿನ ಭಾಗದ ದಪ್ಪದೊಂದಿಗೆ ಹೋಲಿಸಿ. ಹೊಸದಾಗಿ ಬೆಳೆದ ಕೂದಲು ಇನ್ನೂ ಹೆಣೆದುಕೊಂಡಿರದ ಕಾರಣ ಬುಡ ಸ್ವಲ್ಪ ಸಡಿಲವಾಗಿರುವುದು ಸಹಜ. ಆದರೆ ಒತ್ತಿದಾಗ ಅದು ಜಟೆಯ ಮೈಗಿಂತ ಅರ್ಧಕ್ಕೂ ಕಡಿಮೆ ಎನ್ನಿಸಿದರೆ, ಸುತ್ತಲಿನ ಚರ್ಮ ಅಗಲವಾಗಿ ಕಾಣತೊಡಗಿದ್ದರೆ, ಅಥವಾ ಮುರಿದ ಮೋಟು ಕೂದಲು ನಿಂತಿದ್ದರೆ ಆ ಜಟೆಗೆ ವಿಶ್ರಾಂತಿ ಬೇಕಾಗಿದೆ ಎಂದರ್ಥ. ಹಣೆಯಂಚು ಮತ್ತು ಕಿವಿಯ ಮೇಲ್ಭಾಗದಲ್ಲಿ ಕೂದಲು ನಯವೂ ವಿರಳವೂ ಆಗಿರುವುದರಿಂದ ಹಾನಿ ಮೊದಲು ಕಾಣಿಸುವುದು ಅಲ್ಲೇ. ಪರೀಕ್ಷೆಯನ್ನೂ ಅಲ್ಲಿಂದಲೇ ಆರಂಭಿಸಿ.

ಬುಡ ಸವೆಯುವುದಕ್ಕೆ ಮುಖ್ಯ ಕಾರಣ ಅತಿಯಾಗಿ ಹೊಸೆಯುವುದು. ಬೆಳೆದ ಬುಡವನ್ನು ಹೊಸೆಯಲು ಎರಡು ಬಾರಿಯ ನಡುವೆ ಕನಿಷ್ಠ 4ರಿಂದ 6 ವಾರ ಬಿಡಬೇಕು. ಜಟೆ ಬಲಿತವರು ಎರಡು ತಿಂಗಳು ಬಿಟ್ಟರೂ ನಷ್ಟವಿಲ್ಲ. ತೊಳೆದಾಗಲೆಲ್ಲ ಹೊಸೆಯಲೇಬೇಕೆಂಬ ನಿಯಮವೇನೂ ಇಲ್ಲ. ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಎಳೆತಕ್ಕೆ ಬೇಗ ಸೋಲುತ್ತದೆ. ನೀರು ತೊಟ್ಟಿಕ್ಕುತ್ತಿರುವಾಗ ಬಿಗಿಯಾಗಿ ಹೊಸೆದ ಬುಡ ಒಣಗುತ್ತಾ ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದ ಸ್ವಲ್ಪ ತೇವವಿದ್ದಾಗ, ಬೆರಳಿನಿಂದಲೇ, ಪ್ರತಿ ಬಾರಿಯೂ ಒಂದೇ ದಿಕ್ಕಿನಲ್ಲಿ, ಬುಡದ ಚರ್ಮ ಮೇಲೆದ್ದು ಬರದಷ್ಟು ಹಗುರವಾಗಿ ಹೊಸೆಯಿರಿ. ಹುಬ್ಬೆತ್ತಿದಾಗ ಹಣೆ ಜಗ್ಗಿದರೆ, ದಿಂಬಿಗೆ ತಲೆಯಿಟ್ಟಾಗ ನೋವಾದರೆ, ಬುಡದ ಸುತ್ತ ಸಣ್ಣ ಗುಳ್ಳೆಗಳೆದ್ದರೆ ಬಿಗಿ ಹೆಚ್ಚಾಗಿದೆ. ಅದನ್ನು ಸಹಿಸಿಕೊಂಡು ಕೂರದೆ ಅದೇ ದಿನ ನೀರು ಹಾಕಿ ಸಡಿಲಿಸಬೇಕು. ಚೆನ್ನಾಗಿ ಬಿಗಿದರೆ ಬಹಳ ದಿನ ನಿಲ್ಲುತ್ತದೆ ಎಂದು ಹೇಳುವ ಕೇಶಾಲಂಕಾರಕರಿದ್ದಾರೆ. ನಿಲ್ಲುವುದು ನಿಜ, ಆದರೆ ಅದರ ಬೆಲೆಯನ್ನು ತೆರುವುದು ಬೇರುಗಳು.

ಹೊಸೆಯುವ ಬದಲು ಜಟೆಯ ತುದಿಯನ್ನು ಬುಡದೊಳಗಿಂದ ತೂರಿಸಿ ಹೆಣೆಯುವ ಇಂಟರ್‌ಲಾಕಿಂಗ್ ವಿಧಾನ ನಯವಾದ ಕೂದಲಿನವರಿಗೂ ಹೆಚ್ಚು ಬೆವರುವವರಿಗೂ ಅನುಕೂಲ. ಆದರೆ ಪ್ರತಿ ಬಾರಿಯೂ ಒಂದೇ ಕಡೆಯಿಂದ ತೂರಿಸಿದರೆ ಬುಡ ಇಬ್ಭಾಗವಾಗಿ ನಡುವೆ ರಂಧ್ರ ಉಳಿಯುತ್ತದೆ. ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಹೀಗೆ ದಿಕ್ಕು ಬದಲಿಸುತ್ತಾ ಹೋಗಬೇಕು, ಚರ್ಮದ ಅಂಚಿನವರೆಗೆ ಹೆಣೆಯದೆ ಸ್ವಲ್ಪ ಜಾಗ ಸಡಿಲವಾಗಿ ಬಿಡಬೇಕು. ಬಿಡಿ ಎಳೆಗಳನ್ನು ಜಟೆಯೊಳಗೆ ಎಳೆದು ಸೇರಿಸಲು ಕ್ರೋಶಾ ಕಡ್ಡಿಯನ್ನು (ತುದಿಯಲ್ಲಿ ಕೊಕ್ಕೆಯಿರುವ ಹೆಣಿಗೆಯ ಕಡ್ಡಿ) ತಿಂಗಳು ತಿಂಗಳೂ ಬಳಸುವುದು ಒಳ್ಳೆಯದಲ್ಲ, ಅದರ ಕೊಕ್ಕೆ ಒಳಹೊಕ್ಕಾಗಲೆಲ್ಲ ಒಂದಷ್ಟು ಎಳೆಗಳನ್ನು ಕಡಿದೇ ಹೊರಬರುತ್ತದೆ.

ಎರಡನೆಯ ಶತ್ರು ಭಾರ. ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ತನ್ನೊಳಗೇ ಹೀರಬಲ್ಲದು. ಜಟೆಯ ಸಂದುಗಳಲ್ಲಿ ನಿಲ್ಲುವ ನೀರು ಅದಕ್ಕೆ ಹೆಚ್ಚುವರಿ. ತೊಳೆದ ಕೂಡಲೇ ಉದ್ದ ಜಟೆಯನ್ನು ಎತ್ತಿ ಗಂಟು ಕಟ್ಟಿದರೆ ಇಷ್ಟೆಲ್ಲ ಭಾರ ಹಣೆಯಂಚಿನ ಕೆಲವೇ ಬುಡಗಳ ಮೇಲೆ ಬೀಳುತ್ತದೆ. ಒಣಗುವವರೆಗೆ ಜಟೆ ಕೆಳಗೇ ಇರಲಿ. ಒಣಗಿದ ಮೇಲೂ ದಿನವೂ ಒಂದೇ ಜಾಗದಲ್ಲಿ ಕಟ್ಟಬಾರದು. ರಬ್ಬರ್ ಬ್ಯಾಂಡಿನ ಬದಲು ಅಗಲವಾದ ಬಟ್ಟೆಯ ಪಟ್ಟಿ ಬಳಸಬೇಕು, ಏಕೆಂದರೆ ಒಂದೇ ಕಡೆ ತಿಂಗಳುಗಟ್ಟಲೆ ರಬ್ಬರ್ ಕೂತರೆ ಜಟೆಯ ನಡುವೆ ಸೊಂಟ ಬಿದ್ದು ಮುಂದೆ ಅಲ್ಲೇ ತುಂಡಾಗುತ್ತದೆ. ಮಲಗುವಾಗ ಹತ್ತಿಯ ದಿಂಬು ಎಣ್ಣೆಯಂಶವನ್ನು ಹೀರುತ್ತದೆ, ಮೇಲ್ಮೈಯನ್ನು ಉಜ್ಜುತ್ತದೆ, ತನ್ನ ಸಣ್ಣ ನೂಲೆಳೆಗಳನ್ನೂ ಜಟೆಗೆ ಅಂಟಿಸುತ್ತದೆ. ಸ್ಯಾಟಿನ್ ಅಥವಾ ರೇಷ್ಮೆಯ ತಲೆವಸ್ತ್ರ ಇವೆಲ್ಲಕ್ಕೂ ಸರಳ ಪರಿಹಾರ.

ತೊಳೆಯದೆ ಬಿಟ್ಟರೆ ಜಟೆ ಚೆನ್ನಾಗಿ ಕಟ್ಟುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಜಿಡ್ಡಿನ ಕೂದಲು ಜಾರುತ್ತದೆ, ಶುಭ್ರವಾದದ್ದು ಒಂದನ್ನೊಂದು ಹಿಡಿಯುತ್ತದೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ, ಶೇಷ ಉಳಿಸದ ತೆಳು ಶಾಂಪೂವನ್ನು ಬುಡಕ್ಕೆ ಮಾತ್ರ ಹಚ್ಚಿ ಬೆರಳತುದಿಯಿಂದ ಉಜ್ಜಿದರೆ ಸಾಕು; ಇಳಿದು ಬರುವ ನೊರೆ ಉಳಿದ ಭಾಗವನ್ನು ತೊಳೆಯುತ್ತದೆ. ಶಾಂಪೂವಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಿದ್ದರೆ ಕ್ಷಾರ) 5.5ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಅಡುಗೆ ಸೋಡಾದ ದ್ರಾವಣದ ಪಿಎಚ್ 8ರ ಮೇಲಿರುತ್ತದೆ, ಸೋಪಿನದು ಇನ್ನೂ ಹೆಚ್ಚು. ಇಂಥ ಕ್ಷಾರದಲ್ಲಿ ಕೂದಲಿನ ಹೊರಪದರದ ಹುರುಪೆಗಳು ಎದ್ದು ನಿಲ್ಲುತ್ತವೆ. ಜಟೆಯನ್ನು ಸೋಡಾ ನೀರಿನಲ್ಲಿ ನೆನೆಸುವ ಜನಪ್ರಿಯ ಉಪಾಯವನ್ನು ವರ್ಷಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಮಾಡುವುದನ್ನು ನಾನು ಒಪ್ಪುವುದಿಲ್ಲ. ತೊಳೆದ ಮೇಲೆ ಜಟೆಯನ್ನು ಹಿಂಡುವಾಗ ತಿರುಚಬೇಡಿ; ಟವೆಲಿನೊಳಗಿಟ್ಟು ಮೇಲಿನಿಂದ ಕೆಳಕ್ಕೆ ಅಂಗೈಯಲ್ಲಿ ಒತ್ತುತ್ತಾ ಬನ್ನಿ. ದಪ್ಪ ಜಟೆಯ ಒಳಭಾಗ ಒಣಗಲು ಇಡೀ ದಿನ ಹಿಡಿಯಬಹುದಾದ್ದರಿಂದ ಬೆಳಿಗ್ಗೆಯೇ ತೊಳೆಯುವುದು ಲೇಸು. ಒಳಗೆ ತೇವ ಉಳಿದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ.

ಹಚ್ಚುವ ವಸ್ತುಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಮೇಣ ಮತ್ತು ಗಟ್ಟಿ ಕ್ರೀಮುಗಳು ಜಟೆಯೊಳಗೆ ಸೇರಿದರೆ ಹೊರಬರುವುದು ಕಷ್ಟ, ಧೂಳು ಕೂಡಿಸುತ್ತವೆ, ಬೇಡ. ಒಣಗಿದಂತೆ ಕಂಡಾಗ ಮೊದಲು ನೀರು ಚಿಮುಕಿಸಿ, ನಂತರ ಹಗುರವಾದ ಎಣ್ಣೆಯ ಕೆಲವು ಹನಿ ಸವರಬಹುದು, ಏಕೆಂದರೆ ತೇವ ಕೊಡುವುದು ನೀರೇ, ಎಣ್ಣೆ ಅದನ್ನು ತಡೆದಿಡುತ್ತದೆಯಷ್ಟೆ. ಬ್ಲೀಚಿಂಗ್ ಕೂದಲಿಗೆ ಬಲ ಕೊಡುವ ಕೆರಾಟಿನ್ ಎಂಬ ಪ್ರೋಟೀನಿನ ಬಂಧಗಳನ್ನೇ ಮುರಿಯುತ್ತದೆ, ಅದರಲ್ಲೂ ಹಲವು ವರ್ಷ ಹಳೆಯದಾದ ತುದಿಗೆ ಅದು ತಾಳಲಾರದ ಪೆಟ್ಟು. ಈಜುಕೊಳಕ್ಕೆ ಇಳಿಯುವ ಮೊದಲು ಜಟೆಯನ್ನು ಸಿಹಿನೀರಿನಲ್ಲಿ ನೆನೆಸಿದರೆ ಕ್ಲೋರಿನ್ ನೀರು ಒಳಸೇರುವುದು ಕಡಿಮೆಯಾಗುತ್ತದೆ.

ತೊಳೆದ ಪ್ರತಿ ಬಾರಿಯೂ ಪಕ್ಕಪಕ್ಕದ ಬುಡಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ಎಂದು ನೋಡಿ, ಅಂಟಿದ್ದರೆ ತೇವವಿದ್ದಾಗಲೇ ಬೆರಳಿನಿಂದ ಮೆಲ್ಲಗೆ ಬಿಡಿಸಬೇಕು. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಹರಿದರೆ ಎರಡು ಬುಡಗಳೂ ಬಡವಾಗುತ್ತವೆ.

ಕೆಲವೊಮ್ಮೆ ತಪ್ಪು ಆರೈಕೆಯಲ್ಲಿರುವುದಿಲ್ಲ. ತಲೆಯ ಎಲ್ಲ ಕಡೆಯೂ ಒಟ್ಟಿಗೆ ಬುಡ ತೆಳುವಾಗುತ್ತಿದ್ದರೆ ಕಬ್ಬಿಣದಂಶದ ಕೊರತೆ, ಥೈರಾಯ್ಡ್ ತೊಂದರೆ, ಹೆರಿಗೆ ಅಥವಾ ಎರಡು ಮೂರು ತಿಂಗಳ ಹಿಂದಿನ ತೀವ್ರ ಜ್ವರ ಕಾರಣವಿರಬಹುದು, ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಹಣೆಯಂಚು ಹಿಂದೆ ಸರಿಯುತ್ತಿದ್ದರೆ ಅದು ಎಳೆತದಿಂದ ಕೂದಲುದುರುವ ಸ್ಥಿತಿ, ಅಂದರೆ ಟ್ರಾಕ್ಷನ್ ಅಲೋಪೀಶಿಯ ಇರಬಹುದು. ಆರಂಭದಲ್ಲಿ ಎಳೆತ ನಿಲ್ಲಿಸಿದರೆ ಕೂದಲು ಮರಳುತ್ತದೆ, ಬೇರಿನ ಜಾಗದಲ್ಲಿ ಕಲೆಗಟ್ಟಿದ ಮೇಲೆ ಮರಳುವುದಿಲ್ಲ. ಹಾಗಾಗಿ ಚರ್ಮವೈದ್ಯರನ್ನು ಕಾಣಲು ತಡಮಾಡಬಾರದು.

ತೆಳುವಾದ ಜಟೆಯನ್ನು ಉಳಿಸಲು ದಾರಿಗಳಿವೆ. ನಡುಭಾಗ ಸೊರಗಿದ್ದರೆ, ಉದುರಿದ ಒಂದಿಷ್ಟು ಬಿಡಿ ಕೂದಲನ್ನು ಆ ಜಾಗಕ್ಕೆ ಸುತ್ತಿ, ಸಣ್ಣ ಕ್ರೋಶಾ ಕಡ್ಡಿಯಿಂದ ನಾಲ್ಕೂ ಕಡೆಯಿಂದ ನಿಧಾನವಾಗಿ ಒಳಗೆ ಎಳೆದು ಸೇರಿಸಬೇಕು. ಅಪರೂಪಕ್ಕೊಮ್ಮೆ ಮಾಡುವ ಈ ಕೆಲಸಕ್ಕೆ ಕಡ್ಡಿಯ ಬಳಕೆ ತಕ್ಕದ್ದೇ. ಬುಡವೇ ಸಣ್ಣಗಾಗಿದ್ದರೆ ಪಕ್ಕದ ಗಟ್ಟಿ ಜಟೆಯೊಂದಿಗೆ ಎರಡರ ಬುಡವನ್ನೂ ಸೇರಿಸಿ ಹೊಸೆಯುತ್ತಾ ಬಂದರೆ ಕೆಲವು ತಿಂಗಳಲ್ಲಿ ಅವೆರಡೂ ಒಂದಾಗಿ ಭಾರ ಹಂಚಿಕೊಳ್ಳುತ್ತವೆ. ಪೂರ್ತಿ ಕಳಚಿ ಬಿದ್ದ ಜಟೆಯನ್ನು ಎಸೆಯದೆ ತೊಳೆದು ಒಣಗಿಸಿ ಬಟ್ಟೆಯ ಚೀಲದಲ್ಲಿಡಿ. ಅದೇ ಜಾಗದಲ್ಲಿ ಕೂದಲು ದಟ್ಟವಾಗಿ ನಾಲ್ಕೈದು ಸೆಂಟಿಮೀಟರ್ ಬೆಳೆದ ಮೇಲೆ ಮರಳಿ ಜೋಡಿಸಬಹುದು. ಆದರೆ ಹಳೆಯ ಉದ್ದವನ್ನೆಲ್ಲ ಹೊಸ ಬುಡದ ಮೇಲೆ ಹೇರದೆ, ಅದು ಹೊರಬಲ್ಲಷ್ಟಕ್ಕೆ ಕತ್ತರಿಸಿ ಜೋಡಿಸುವುದು ಜಾಣತನ.