ಓಡುವ ಮ್ಯಾಕ್ರೋ ನಮಗಾಗಿ ನಿಲ್ಲಬೇಕಾದಾಗ

ಕಾರ್ಖಾನೆಯ ಹಾಜರಾತಿಯಿಂದ ಸಂಬಳದ ಪಟ್ಟಿ ಮಾಡುವ ಎಕ್ಸೆಲ್ ಫೈಲನ್ನು ನಾನು ಬಹಳ ಕಾಲದಿಂದ ನೋಡಿಕೊಳ್ಳುತ್ತಿದ್ದೇನೆ. ಬೆರಳಚ್ಚು ಯಂತ್ರದಿಂದ ಬರುವ ಸಾಲುಗಳನ್ನು ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ, ಜೋಡಿಸುತ್ತದೆ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ಓಟಿ (ಹೆಚ್ಚುವರಿ ದುಡಿಮೆ) ಎಷ್ಟು, ಇಷ್ಟೇ ಲೆಕ್ಕ. ಲೆಕ್ಕ ಕಷ್ಟವಲ್ಲ. ನಡುವೆ ಒಮ್ಮೆ ನಿಂತು ಮನುಷ್ಯರನ್ನು ಕೇಳಬೇಕಲ್ಲ, ಅಲ್ಲಿದೆ ಕಷ್ಟ. ಕೆಲವರು ಒಳಗೆ ಬಂದ ಪಂಚ್ (ಯಂತ್ರಕ್ಕೆ ಬೆರಳೊತ್ತಿದ ದಾಖಲೆ) ಇರುತ್ತದೆ, ಹೊರಗೆ ಹೋದದ್ದು ಇರುವುದಿಲ್ಲ. ಅದನ್ನು ಮ್ಯಾಕ್ರೋ ತಾನೇ ಊಹಿಸಿ ತುಂಬಬಾರದು. ತುಂಬಿದರೆ ಯಾರದೋ ದುಡಿಮೆಯ ಹಣ ಹೋಗುತ್ತದೆ.

ಮೊದಲು ಸಣ್ಣ ಪ್ರಶ್ನೆಗಳು. ಯಾವ ತಿಂಗಳು, ಹಬ್ಬದ ರಜೆ ಎಷ್ಟು ದಿನ, ಇಂಥವು. ಇದಕ್ಕೆ ಎಕ್ಸೆಲ್‌ನಲ್ಲಿ ಎರಡು ಇನ್‌ಪುಟ್‌ಬಾಕ್ಸ್, ಅಂದರೆ ಉತ್ತರ ಟೈಪ್ ಮಾಡುವ ಪೆಟ್ಟಿಗೆಗಳು, ಇವೆ. ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯದೇ ಒಂದು. ಅದು ಏನು ಟೈಪ್ ಮಾಡಿದರೂ ಅಕ್ಷರವಾಗಿಯೇ ತಂದುಕೊಡುತ್ತದೆ. ಇನ್ನೊಂದು ಎಕ್ಸೆಲ್‌ನದು, ಅಪ್ಲಿಕೇಶನ್ ಡಾಟ್ ಇನ್‌ಪುಟ್‌ಬಾಕ್ಸ್. ಅದಕ್ಕೆ ಟೈಪ್ 1 ಅಂತ ಹೇಳಿದರೆ ಸಂಖ್ಯೆ ಬಿಟ್ಟು ಬೇರೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ತಪ್ಪು ಟೈಪ್ ಮಾಡಿದರೆ ಎಕ್ಸೆಲ್ಲೇ ಹೇಳಿ ಮತ್ತೆ ಕೇಳುತ್ತದೆ. ನಾನು ಬಳಸುವುದು ಎರಡನೆಯದನ್ನೇ.

ಅದರಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾನ್ಸಲ್ ಒತ್ತಿದರೆ ಅದು ಫಾಲ್ಸ್ (‘ಸುಳ್ಳು’ ಎಂಬ ಬೆಲೆ) ಕೊಡುತ್ತದೆ. ವಿಬಿಎ ಲೆಕ್ಕದಲ್ಲಿ ಫಾಲ್ಸ್ ಅಂದರೆ 0. ಹಬ್ಬವೇ ಇಲ್ಲದ ತಿಂಗಳಲ್ಲಿ ರಜೆ ಎಷ್ಟು ಅಂದರೆ 0 ಸರಿಯಾದ ಉತ್ತರವೇ, ಅಲ್ವಾ? ಉತ್ತರ ಫಾಲ್ಸ್‌ಗೆ ಸಮವೇ ಅಂತ ಪರೀಕ್ಷಿಸಿದರೆ 0 ಟೈಪ್ ಮಾಡಿದವರೂ ಕ್ಯಾನ್ಸಲ್ ಮಾಡಿದವರ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಆದ್ದರಿಂದ ಉತ್ತರವನ್ನು ಯಾವ ಜಾತಿಯ ಬೆಲೆಯನ್ನಾದರೂ ಹಿಡಿಯುವ ವೇರಿಯಂಟ್‌ನಲ್ಲಿ ಇಟ್ಟುಕೊಂಡು, ಅದರ ಬೆಲೆಯನ್ನಲ್ಲ, ಜಾತಿಯನ್ನು ನೋಡುತ್ತೇನೆ. ಜಾತಿ ಹೇಳುವ ವರ್‌ಟೈಪ್‌ನಿಂದ ಬೂಲಿಯನ್ (ನಿಜ-ಸುಳ್ಳಿನ ಜಾತಿ) ಬಂದರೆ ಮಾತ್ರ ಕ್ಯಾನ್ಸಲ್.

ಅದೇ ಇನ್‌ಪುಟ್‌ಬಾಕ್ಸ್‌ನ ಟೈಪ್ 8 ನನಗೆ ತುಂಬಾ ಇಷ್ಟ. ಪೆಟ್ಟಿಗೆ ತೆರೆದಿರುವಾಗಲೇ ಹಾಳೆಯ ಮೇಲೆ ಮೌಸ್ ಎಳೆದು ಸೆಲ್‌ಗಳನ್ನು ಆರಿಸಬಹುದು. ರಾತ್ರಿ ಪಾಳಿಯವರ ಸಾಲುಗಳನ್ನು ನಾನು ಹೀಗೆಯೇ ಕೇಳುತ್ತೇನೆ. ಅವರ ಪಂಚ್ ಮಧ್ಯರಾತ್ರಿ ದಾಟುವುದರಿಂದ ಗಂಟೆ ಎಣಿಸುವ ರೀತಿಯೇ ಬೇರೆ. ಇಲ್ಲಿ ಕ್ಯಾನ್ಸಲ್ ಒತ್ತಿದರೆ 424 ನಂಬರಿನ ತಪ್ಪು ಬರುತ್ತದೆ, ಏಕೆಂದರೆ ರೇಂಜ್ (ಆರಿಸಿದ ಸೆಲ್‌ಗಳು) ಇರಬೇಕಾದ ಕಡೆ ಫಾಲ್ಸ್ ಬಂದಿರುತ್ತದೆ. ಕೋಡ್‌ನ ಆ ಒಂದೇ ಸಾಲಿಗೆ, ತಪ್ಪಾದರೂ ಮುಂದೆ ಹೋಗು ಎನ್ನುವ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಹಾಕಿ, ಮುಂದಿನ ಸಾಲಿನಲ್ಲೇ ಅದನ್ನು ತೆಗೆದು, ರೇಂಜ್ ನಥಿಂಗ್ (ಏನೂ ಇಲ್ಲ) ಆಗಿದೆಯೇ ಅಂತ ನೋಡಿದರೆ ಸಾಕು. ಅದನ್ನು ತೆಗೆಯದೆ ಬಿಟ್ಟರೆ ಮುಂದೆ ಬರುವ ನಿಜವಾದ ತಪ್ಪುಗಳೂ ಸದ್ದಿಲ್ಲದೆ ದಾಟಿಹೋಗುತ್ತವೆ.

ಕೇಳುವ ಮೊದಲು ಪರದೆ ಜೀವಂತವಾಗಿರಬೇಕು. ವೇಗಕ್ಕಾಗಿ ಸ್ಕ್ರೀನ್‌ಅಪ್‌ಡೇಟಿಂಗ್, ಅಂದರೆ ಪರದೆ ಹೊಸದಾಗಿ ಮೂಡುವುದನ್ನು, ನಿಲ್ಲಿಸಿರುತ್ತೇವೆ. ಹಾಗೆಯೇ ಪ್ರಶ್ನೆ ಕೇಳಿದರೆ ಉತ್ತರಿಸುವವರ ಮುಂದೆ ಹಳೆಯ ಚಿತ್ರವೇ ಇರುತ್ತದೆ. ಪ್ರತಿ ಪ್ರಶ್ನೆಗೂ ಮೊದಲು ಅದನ್ನು ಮತ್ತೆ ಆನ್ ಮಾಡುತ್ತೇನೆ. ಮ್ಯಾಕ್ರೋ ಮುಗಿದಾಗ ಇದೊಂದು ತಾನಾಗಿಯೇ ಸರಿಹೋಗುತ್ತದೆ. ವೇಗಕ್ಕಾಗಿಯೇ ನಿಲ್ಲಿಸುವ ಕ್ಯಾಲ್ಕುಲೇಶನ್ (ಸೂತ್ರಗಳ ತಾನಾದ ಲೆಕ್ಕ) ಮತ್ತು ಎನೇಬಲ್‌ಇವೆಂಟ್ಸ್ (ಬದಲಾವಣೆಯಾದಾಗ ತಾನಾಗಿ ಓಡುವ ಕೋಡ್‌ಗೆ ಅನುಮತಿ) ಹಾಗಲ್ಲ. ಕ್ಯಾನ್ಸಲ್ ಮಾಡಿ ಹೊರಬರುವ ದಾರಿಯಲ್ಲೂ ಅವನ್ನು ಮೊದಲಿನಂತೆ ಮಾಡಲೇಬೇಕು. ಇಲ್ಲದಿದ್ದರೆ ಆಮೇಲೆ ಬೇರೆ ಫೈಲಿನ ಮೊತ್ತ ಬದಲಾಗದೆ ನಿಂತು ತಲೆಕೆಡಿಸುತ್ತದೆ.

ಇನ್ನು ದೊಡ್ಡ ನಿಲುಗಡೆ, ಆ ಪಂಚ್ ಬಿಟ್ಟುಹೋದ ಸಾಲುಗಳದ್ದು. ಇದು ಪೆಟ್ಟಿಗೆಯಲ್ಲಿ ಕೇಳಿ ಮುಗಿಸುವ ಮಾತಲ್ಲ. ಹಾಜರಾತಿ ನೋಡುವ ಮೇಡಂ ಗೇಟಿನ ರಿಜಿಸ್ಟರ್ ತರಿಸಬೇಕು, ಸೂಪರ್‌ವೈಸರ್‌ಗೆ ಫೋನ್ ಮಾಡಬೇಕು, ಬೇರೆ ಹಾಳೆ ತೆಗೆದು ನೋಡಬೇಕು. ಅರ್ಧ ದಿನವೂ ಹಿಡಿಯಬಹುದು.

ಇಷ್ಟು ಹೊತ್ತು ಕಾಯಿ ಎನ್ನುವ ಅಪ್ಲಿಕೇಶನ್ ಡಾಟ್ ವೇಟ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಇಡೀ ಎಕ್ಸೆಲ್ಲನ್ನೇ ಹಿಡಿದಿಡುತ್ತದೆ, ಸೆಲ್‌ನಲ್ಲಿ ಏನೂ ಬರೆಯಲಾಗದು. ನಡುನಡುವೆ ಎಕ್ಸೆಲ್‌ಗೆ ಉಸಿರಾಡಲು ಬಿಡುವ ಡುಇವೆಂಟ್ಸ್ ಹಾಕಿ ಲೂಪ್ (ಅದೇ ಸಾಲುಗಳನ್ನು ಮತ್ತೆ ಮತ್ತೆ) ಸುತ್ತಿಸುವುದು ತುಂಬಾ ಜನ ಹೇಳುವ ಉಪಾಯ. ಬರೆಯಲು ಆಗುತ್ತದೆ, ನಿಜ. ಆದರೆ ಅಷ್ಟು ಹೊತ್ತೂ ಪ್ರೊಸೆಸರ್ ಸುಮ್ನೆ ದುಡಿಯುತ್ತಿರುತ್ತದೆ. ನಡುವೆ ಮೇಡಂ ಅದೇ ಬಟನ್ ಮತ್ತೊಮ್ಮೆ ಒತ್ತಿದರೆ ಮ್ಯಾಕ್ರೋದೊಳಗೆ ಮ್ಯಾಕ್ರೋ ಶುರುವಾಗುತ್ತದೆ. ಕರೆಂಟ್ ಹೋದರೆ ಎಲ್ಲಿದ್ದೆವು ಎನ್ನುವುದೂ ಹೋಯಿತು. ಯೂಸರ್‌ಫಾರ್ಮನ್ನು (ನಾವೇ ವಿನ್ಯಾಸ ಮಾಡುವ ಪೆಟ್ಟಿಗೆ) ಮೋಡ್‌ಲೆಸ್ ಆಗಿ, ಅಂದರೆ ಹಾಳೆಯನ್ನು ತಡೆಯದಂತೆ, ತೆರೆದರೆ ಹಾಳೆ ಮುಟ್ಟಬಹುದು, ಆದರೆ ಅದನ್ನು ತೆರೆಯುವ ಶೋ ಸಾಲಿನಲ್ಲಿ ಕೋಡ್ ನಿಲ್ಲುವುದಿಲ್ಲ, ಮುಂದಕ್ಕೆ ಓಡಿಬಿಡುತ್ತದೆ.

ನಾನು ಕಂಡುಕೊಂಡ ದಾರಿ ಎಂದರೆ ನಿಲ್ಲಿಸುವುದರ ಬದಲು ಮುಗಿಸಿಯೇ ಬಿಡುವುದು. ಮೊದಲ ಮ್ಯಾಕ್ರೋ ಪಂಚ್‌ಗಳನ್ನು ಜೋಡಿಸಿ, ಖಾಲಿ ಸೆಲ್‌ಗಳಿಗೆ ಹಳದಿ ಬಣ್ಣ ಹಚ್ಚಿ, ತಿಂಗಳು, ರಜೆ, ಕೊನೆಯ ಸಾಲು ಇವನ್ನೆಲ್ಲ ಒಂದು ಅಡಗಿಸಿದ ಹಾಳೆಯಲ್ಲಿ ಬರೆದು, ಫೈಲ್ ಸೇವ್ ಮಾಡಿ ಮುಗಿಯುತ್ತದೆ. ಬೆಲೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಗ್ಲೋಬಲ್ ವೇರಿಯಬಲ್‌ಗಳನ್ನು ನಾನು ನಂಬುವುದಿಲ್ಲ. ಫೈಲ್ ಮುಚ್ಚಿದರೆ ಅವು ಉಳಿಯುವುದಿಲ್ಲ, ಹಾಳೆಯಲ್ಲಿ ಬರೆದದ್ದು ಉಳಿಯುತ್ತದೆ. ಆ ಹಾಳೆಯನ್ನು ವೆರಿ ಹಿಡನ್ ಮಾಡಿದ್ದೇನೆ, ಅನ್‌ಹೈಡ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಮೇಡಂ ನಿಧಾನವಾಗಿ ಹಳದಿ ಸೆಲ್ ತುಂಬುತ್ತಾರೆ. ಊಟಕ್ಕೆ ಹೋಗುತ್ತಾರೆ. ಬೇಕಾದರೆ ಫೈಲ್ ಮುಚ್ಚಿ ನಾಳೆ ತೆಗೆಯುತ್ತಾರೆ. ಮುಗಿದ ಮೇಲೆ ಎರಡನೆಯ ಬಟನ್ ಒತ್ತುತ್ತಾರೆ. ಆ ಮ್ಯಾಕ್ರೋ ಮೊದಲು ಮಾಡುವ ಕೆಲಸವೇ ತಪಾಸಣೆ. ಒಂದು ಹಳದಿ ಸೆಲ್ ಖಾಲಿ ಇದ್ದರೂ ಲೆಕ್ಕಕ್ಕೆ ಕೈ ಹಾಕುವುದಿಲ್ಲ. ನೇರವಾಗಿ ಆ ಸೆಲ್‌ಗೆ ಕರೆದುಕೊಂಡು ಹೋಗಿ, ಇದು ಬಾಕಿ ಇದೆ ಅಂತ ಹೇಳಿ ಮುಗಿಯುತ್ತದೆ. ಹೊರಗೆ ಹೋದ ಹೊತ್ತು ಒಳಗೆ ಬಂದ ಹೊತ್ತಿಗಿಂತ ಹಿಂದಿದ್ದು, ಅವರು ರಾತ್ರಿ ಪಾಳಿಯವರಲ್ಲದಿದ್ದರೆ ಅದನ್ನೂ ಹಾಗೆಯೇ ತೋರಿಸುತ್ತದೆ.

ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಬೇಕು ಅನ್ನುವುದು ನನ್ನ ಹಟ. ಆದರೆ ವಿಬಿಎ ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಅದು ಎಲ್ಲ ಭಾಷೆಗಳ ಅಕ್ಷರ ಹಿಡಿಯುವ ಯೂನಿಕೋಡ್ ಎಡಿಟರ್ ಅಲ್ಲ, ಅದು ಬಳಸುವ ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳಲ್ಲಿ (ಅಕ್ಷರಪಟ್ಟಿಗಳಲ್ಲಿ) ಕನ್ನಡಕ್ಕೆ ಜಾಗವೂ ಇಲ್ಲ. ಮೆಸೇಜ್ ಬಾಕ್ಸ್‌ನದೂ ಇದೇ ಪಾಡು. ಸೆಲ್‌ಗಳಲ್ಲಿ ಮಾತ್ರ ಕನ್ನಡ ಚೆನ್ನಾಗಿ ನಿಲ್ಲುತ್ತದೆ. ಹಾಗಾಗಿ ಎಲ್ಲ ಪ್ರಶ್ನೆ, ಎಚ್ಚರಿಕೆಗಳನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದಿದ್ದೇನೆ. ಒಂದು ಸಣ್ಣ ಯೂಸರ್‌ಫಾರ್ಮ್ ಮಾಡಿ, ಅದರ ಲೇಬಲ್‌ಗೆ ಬೇಕಾದ ಸೆಲ್‌ನಿಂದ ಮಾತನ್ನು ತುಂಬಿಸುತ್ತೇನೆ. ಲೇಬಲ್‌ನಲ್ಲಿ ಒತ್ತಕ್ಷರ ಸಮೇತ ಸರಿಯಾಗಿ ಬರುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮಾತು ಅರ್ಥವಾಗದಿದ್ದರೆ ಮೇಡಂ ತಾವೇ ಆ ಸೆಲ್ ತಿದ್ದುತ್ತಾರೆ, ಕೋಡ್ ಮುಟ್ಟಬೇಕಾಗಿಲ್ಲ.

ಬ್ಯಾಂಕಿಗೆ ಕಳಿಸುವ ಫೈಲ್ ತಯಾರಾಗುವ ಮೊದಲು ಕೊನೆಯ ಪ್ರಶ್ನೆ. ಮ್ಯಾಕ್ರೋ ಹಾಳೆಯನ್ನು ಬದಲಿಸಿದರೆ ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಹೋಗಲಾಗದು, ಹಾಗಾಗಿ ಇಲ್ಲಿ ಅವಸರ ಬೇಡ. ಬರೀ ‘ಮುಂದುವರಿಸಲೇ?’ ಅಂತ ಕೇಳಿದರೆ ಜನ ಓದದೆ ಎಂಟರ್ ಒತ್ತುತ್ತಾರೆ. ಅದಕ್ಕೇ ಎಷ್ಟು ಜನಕ್ಕೆ, ಒಟ್ಟು ಎಷ್ಟು ರೂಪಾಯಿ, ಕೈಯಿಂದ ತುಂಬಿದ ಹೊತ್ತುಗಳು ಎಷ್ಟು ಅಂತ ಆ ಫಾರ್ಮ್‌ನಲ್ಲೇ ತೋರಿಸುತ್ತೇನೆ. ಎಂಟರ್ ಯಾವ ಬಟನ್ನಿಗೆ ಹೋಗಬೇಕು ಎನ್ನುವ ಡೀಫಾಲ್ಟ್ ಗುಣವನ್ನು ‘ಬೇಡ’ ಬಟನ್ನಿಗೆ ಟ್ರೂ ಮಾಡಿ, ಫೋಕಸ್ಸನ್ನೂ (ಕೀಲಿಮಣೆಯ ಗಮನ) ಅದರ ಮೇಲೇ ಇಟ್ಟಿದ್ದೇನೆ. ಎಂಟರ್ ಒತ್ತಿದರೆ ‘ಬೇಡ’ ಅಂತಲೇ ಆಗುತ್ತದೆ, ಹಣ ಕಳಿಸಬೇಕೆಂದರೆ ‘ಹೌದು’ ಮೇಲೆ ಹೋಗಿಯೇ ಒತ್ತಬೇಕು.