ಗೇರ್ ಇಲ್ಲದ ಸೈಕಲ್‌ನಲ್ಲಿ ನಾಲೆ ಏರಿ ಹಿಡಿದು ಕೆರೆ ಸುತ್ತಿದ್ದು

ಗೇರ್ ಇಲ್ಲದ ಹಳೇ ಸೈಕಲ್‌ನಲ್ಲಿ ಮಂಡ್ಯ ಜಿಲ್ಲೆಯ ಕೆರೆಗಳನ್ನು ಆರಾಮಾಗಿ ಸುತ್ತಬಹುದು ಎಂದು ನಾನು ಹೇಳಿದಾಗ ಮೈಸೂರಿನ ನಮ್ಮ ಸೈಕಲ್ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ಪಾಂಡವಪುರ ದಾಟೋದ್ರೊಳಗೆ ಮಂಡಿ ಹೋಗುತ್ತೆ ಕಣೋ, ಲಗೇಜ್ ಆಟೋದಲ್ಲಿ ವಾಪಸ್ ಬರ್ತೀಯ" ಅಂದರು. ಈ ಚಳಿಗಾಲದಲ್ಲಿ ಪಾಂಡವಪುರ, ಕೆರೆತೊಣ್ಣೂರು, ಜಕ್ಕನಹಳ್ಳಿ, ಹೊಸ ಕನ್ನಂಬಾಡಿ ಅಂತ ಪೂರ್ತಿ ಸುತ್ತು ಹಾಕಿ ಸೈಕಲ್ ತುಳಿದುಕೊಂಡೇ ಮನೆಗೆ ಬಂದೆ. ಮಂಡಿ ಚೆನ್ನಾಗಿದೆ. ಹೇಗೆ ಮಾಡಿದೆ ಅಂತ ಈಗ ಅವರೇ ಕೇಳುತ್ತಿದ್ದಾರೆ.

ನಾನು ಹಿಡಿದದ್ದು ನೀರಿನ ದಾರಿ. ನೀರು ದಿಬ್ಬ ಹತ್ತಲ್ಲ. ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿನಿಂದ ಹೊರಟ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಗುಡ್ಡ ಎದುರಾದರೆ ಬಳಸಿಕೊಂಡು ಹೋಗುತ್ತದೆ. ಅದರ ಇಳಿಜಾರು ಕಣ್ಣಿಗೇ ಕಾಣುವುದಿಲ್ಲ. ನಾಲೆ ಏರಿ, ಅಂದರೆ ದಂಡೆ ಮೇಲಿನ ದಾರಿಯೂ ಹಾಗೇ. ಊರಿಂದ ಊರಿಗೆ ಡಾಂಬರು ರಸ್ತೆ ಹಿಡಿದರೆ ದಿಬ್ಬದ ಮೇಲೆ ದಿಬ್ಬ. ಏರಿ ಮೇಲೆ ಹೋದರೆ ದೂರ ಒಂದೂವರೆ ಪಟ್ಟು ಆಗಬಹುದು, ಆದರೆ ಸೀಟಿನಿಂದ ಎದ್ದು ತುಳಿಯುವ ಪ್ರಸಂಗ ಬರಲ್ಲ. ಒಂದೇ ಕಡೆ ಕೈಕೊಡುತ್ತದೆ. ಹುಲಿಕೆರೆ ಹತ್ತಿರ ನಾಲೆ ಸುರಂಗದೊಳಗೆ ಹೋಗಿ ಮೂರು ಕಿಲೋಮೀಟರ್ ಹತ್ತಿರ ನೆಲದಡಿಯಲ್ಲೇ ಹರಿಯುತ್ತದೆ. ಅಲ್ಲಿ ನಾವು ಮೇಲೆ ಹತ್ತಲೇಬೇಕು. ನಾನು ಇಳಿದು ತಳ್ಳಿದೆ. ಕೆರೆತೊಣ್ಣೂರಿಗೂ ಊರ ರಸ್ತೆಯೇ ಗತಿ, ಅಲ್ಲಲ್ಲಿ ತಳ್ಳಬೇಕು.

ಸೈಕಲ್ ನಮ್ಮಪ್ಪನ ಕಾಲದ ಅಟ್ಲಾಸ್ ಥರದ್ದೇ, ರಾಡ್ ಬ್ರೇಕಿನದು. ಗುಜರಿಯಲ್ಲಿ 1,800 ರೂಪಾಯಿಗೆ ಸಿಕ್ಕಿತು. ಚೈನ್ ಕೂರುವ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಖಾಲಿ ಸೈಕಲ್‌ಗೆ ಅದು ಸರಿ. ಹಿಂದೆ ಹತ್ತು ಹನ್ನೆರಡು ಕೆಜಿ ಹೇರಿ, ಎದುರುಗಾಳಿ ಬಂದರೆ ಮುಗಿಯಿತು. ಹಿಂದೆ ಹಲ್ಲು ಜಾಸ್ತಿ ಇದ್ದಷ್ಟೂ ತುಳಿತ ಹಗುರ, ಅದಕ್ಕೇ 22 ಹಲ್ಲಿನ ಫ್ರೀವೀಲ್‌ಗಾಗಿ ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊನೆಗೆ ಸಿಕ್ಕಿದ್ದಕ್ಕೆ ಕೂಲಿ ಸೇರಿ 300 ಹತ್ತಿರ ಆಯಿತು. ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಬೇಕಾಯಿತು. ಈಗ ಗಂಟೆಗೆ 12ರಿಂದ 14 ಕಿಲೋಮೀಟರ್, ದಿನವಿಡೀ ಹಾಗೇ ತುಳಿಯಬಹುದು. ದಿನಕ್ಕೆ 40, 45 ಕಿಲೋಮೀಟರ್ ಸಾಕು. ಅದಕ್ಕಿಂತ ಜಾಸ್ತಿ ಹೋದರೆ ಕೆರೆ ನೋಡೋದು ಯಾವಾಗ?

ಇನ್ನು ಮುಳ್ಳು. ಏರಿ ದಾರಿಯ ದೊಡ್ಡ ಶತ್ರು ಜಾಲಿ ಮುಳ್ಳು. ಮೊದಮೊದಲು ಒಂದೊಂದು ಬೆಳಗ್ಗೆ ಎರಡು ಮೂರು ಪಂಕ್ಚರ್ ಆಗುತ್ತಿತ್ತು. ಬೈಕಿಗೆ ಹಾಕುವ ಸೀಲೆಂಟ್ ತಂದು ತುಂಬಿದೆ, 350 ರೂಪಾಯಿ. ಒಂದು ವಾರ ಚೆನ್ನಾಗಿತ್ತು. ಆಮೇಲೆ ವಾಲ್ವ್ ಕಟ್ಟಿಕೊಂಡು ಗಾಳಿಯೇ ಒಳಗೆ ಹೋಗಲಿಲ್ಲ. ದಪ್ಪ ಟಯರ್ ಹಾಕಿದೆ, ಮಡ್‌ಗಾರ್ಡ್‌ಗೆ ಉಜ್ಜಿತು. ಕೊನೆಗೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿನ ಒಳಗೆ ಹಾಸಿದೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಹಾಸಿದ ಪಟ್ಟಿಯ ಎರಡು ತುದಿ ಸೇರುವ ಕಡೆ ಅಂಚು ಉಜ್ಜಿ, ಒಳಗಿನ ಟ್ಯೂಬೇ ತೂತಾಗುತ್ತದೆ. ಇದನ್ನು ಸರಿ ಮಾಡಲು ನನಗೆ ಎರಡು ಚಳಿಗಾಲ ಹಿಡಿಯಿತು, ಟ್ಯೂಬಿಗೇ ಸಾವಿರ ರೂಪಾಯಿ ಮೇಲೆ ಹೋಯಿತು. ಈಗ ನಿಂತಿದೆ. ಆ ತುದಿಗಳನ್ನು ಹೇಗೆ ಕೂಡಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ. ಟ್ಯೂಬಿಗೆ ಪೌಡರ್ ಸವರುವುದನ್ನು ಮಾತ್ರ ಮರೆಯಬೇಡಿ.

ಗೆಳೆಯರೊಬ್ಬರ ಗೇರ್ ಸೈಕಲ್ ಎರವಲು ಪಡೆದೂ ಹೋಗಿದ್ದೆ. ನಲವತ್ತು ಸಾವಿರದ್ದು. ಹಳ್ಳಿಯಲ್ಲಿ ಪಂಕ್ಚರ್ ಆದಾಗ ಅದರ ಸಣ್ಣ ವಾಲ್ವ್‌ಗೆ ಅಲ್ಲಿನ ಪಂಪ್ ಕೂರಲೇ ಇಲ್ಲ. ಅಂಗಡಿಯ ಅಜ್ಜ ವಾಲ್ವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಕೆ ಗಾಳಿ ಹೊಡ್ಯೋಕೆ ಮೈಸೂರ್ಗೇ ಹೋಗ್ಬೇಕು ಸೋಮಿ" ಅಂದರು. ನನ್ನ ಸೈಕಲ್ಲಿಗೆ ಆ ತಾಪತ್ರಯ ಇಲ್ಲ. ಟ್ಯೂಬ್, ಬಾಲ್ಸ್, ಕೋನ್, ಪೆಡಲ್ ಕೈಯನ್ನು ಬಿಗಿಯುವ ಕಾಟರ್ ಪಿನ್ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಈ ಸಲ ಜಕ್ಕನಹಳ್ಳಿ ಹತ್ತಿರ ಎಡಗಡೆ ಕಾಟರ್ ಪಿನ್ ಸವೆದು ಪೆಡಲ್ ಲೊಡಲೊಡ ಅಂತಿತ್ತು. ಮೂವತ್ತು ರೂಪಾಯಿ, ನಾಲ್ಕು ಸುತ್ತಿಗೆ ಏಟು, ಅಷ್ಟೇ.

ಬ್ಯಾಗಿಗೆ ಕಳೆದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆನ್‌ಲೈನ್‌ನಲ್ಲಿ 2,800 ಕೊಟ್ಟು ತರಿಸಿದ ಸೈಡ್ ಬ್ಯಾಗಿನ ಕೊಕ್ಕೆ ಮೊದಲ ಕಲ್ಲು ದಾರಿಯಲ್ಲೇ ಮುರಿಯಿತು. ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಗೊಬ್ಬರದ ಚೀಲ ತೊಳೆದು, ಒಳಗೆ ರೆಕ್ಸಿನ್ ಕೊಟ್ಟು, ನಮ್ಮ ಬೀದಿಯ ಟೈಲರ್ ಹತ್ತಿರ ಜೋಡಿ ಚೀಲ ಹೊಲಿಸಿದೆ. ಎಲ್ಲ ಸೇರಿ 250. ಕ್ಯಾರಿಯರ್ ಮೇಲೆ ಹಾಕಿ ಹಳೇ ಟ್ಯೂಬಿನಲ್ಲಿ ಬಿಗಿದರೆ ಅಲುಗಾಡಲ್ಲ. ಹಿಂದಿನ ವರ್ಷ ಅಕಾಲ ಮಳೆಗೆ ಸಿಕ್ಕಿದ್ದೆ, ಒಳಗಿನ ಬಟ್ಟೆ ಒಣಗಿಯೇ ಇತ್ತು.

ಡೈನಮೋದಿಂದ ಫೋನ್ ಚಾರ್ಜ್ ಮಾಡುವ ಪ್ರಯೋಗವನ್ನೂ ಮಾಡಿದೆ. 700 ರೂಪಾಯಿ ಹೋಯಿತು. ನನ್ನ ವೇಗಕ್ಕೆ ಚಾರ್ಜ್ ಏರುತ್ತಿರಲಿಲ್ಲ, ತುಳಿತ ಮಾತ್ರ ಭಾರ. ಕಿತ್ತು ಹಾಕಿದೆ. ನೀರಿನ ಬಾಟಲಿಗೆ ಹಳೇ ಪಂಚೆ ತುಂಡು ಸುತ್ತಿ ಒದ್ದೆ ಮಾಡಿದ್ದು ಮಾತ್ರ ಗೆದ್ದಿತು. ಮಧ್ಯಾಹ್ನ ಹನ್ನೆರಡಕ್ಕೂ ನೀರು ತಣ್ಣಗಿತ್ತು. ಚಕ್ರದ ನಡುವಿನ ಹಬ್‌ಗೆ ಟ್ರಾಕ್ಟರ್ ಗ್ರೀಸ್ ತುಂಬಿದ್ದೇನೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಆದರೆ ಧೂಳು ಒಳಗೆ ಹೋಗಿಲ್ಲ.

ಯಾವ ತಿಂಗಳು ಹೋಗುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಳೆಗಾಲದಲ್ಲಿ ಏರಿ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರ ತಿರುಗಲ್ಲ. ಕಡ್ಡಿಯಲ್ಲಿ ಕೆರೆಯುತ್ತಾ ಕೂರಬೇಕು. ಸುಗ್ಗಿಯಲ್ಲಿ ಹೋದರೆ ನೆಲ ಗಟ್ಟಿ, ಆದರೆ ಊರ ರಸ್ತೆಗಳಲ್ಲಿ ಒಕ್ಕಣೆ. ರಾಗಿ ಹಾಸಿದ್ದರೆ ಹಾಯಬಹುದು. ಹುರುಳಿ ಕಂಡರೆ ಇಳಿದುಬಿಡಿ. ಆ ಬಳ್ಳಿ ಫ್ರೀವೀಲ್‌ಗೆ ಸುತ್ತಿಕೊಂಡರೆ ಚಾಕು ಇಲ್ಲದೆ ಬರಲ್ಲ. ಸಂಕ್ರಾಂತಿ ಆದ ಮೇಲಿನ ಎರಡು ಮೂರು ವಾರ ನನಗೆ ಎಲ್ಲಕ್ಕಿಂತ ಇಷ್ಟ. ಆಲೆಮನೆ ನಡೆಯುತ್ತಿರುತ್ತವೆ. ಕೇಳಿದರೆ ಬಿಸಿ ಬೆಲ್ಲ ಕೈಗೆ ಹಾಕುತ್ತಾರೆ.

ಏರಿ ಮೇಲೆ ಕತ್ತಲಲ್ಲಿ ಮಾತ್ರ ಹೋಗಬೇಡಿ. ಎಷ್ಟೋ ಕಡೆ ತಡೆಗೋಡೆ ಇಲ್ಲ, ನಾಲೆ ಆಳವಾಗಿದೆ, ಅಂಚು ಹಿಡಿದು ಮೇಲೆ ಬರುವುದು ಕಷ್ಟ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ನಾನು ಸಂಜೆ ಐದಕ್ಕೆ ಊರು ಸೇರಿಬಿಡುತ್ತೇನೆ.

ಕೆರೆತೊಣ್ಣೂರಿನಲ್ಲಿ ಅವಸರ ಮಾಡಬೇಡಿ. ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು ಅದು. ರಾಮಾನುಜಾಚಾರ್ಯರು ಕಟ್ಟಿಸಿದ್ದು ಎನ್ನುತ್ತಾರೆ. ತಿರುಮಲಸಾಗರ, ಮೋತಿ ತಲಾಬ್ (ಮುತ್ತಿನ ಕೆರೆ) ಅಂತಲೂ ಹೆಸರಿದೆ. ನೀರು ಅಷ್ಟು ತಿಳಿ. ನಂಬಿನಾರಾಯಣ ದೇವಸ್ಥಾನ ನೋಡಿ, ಏರಿ ಮೇಲೆ ಕೂತು, ಅರ್ಧ ದಿನ ಅಲ್ಲೇ ಕಳೆದೆ. ಮೇಲುಕೋಟೆಗೆ ಸೈಕಲ್ ಹತ್ತಿಸಲಿಲ್ಲ. ಜಕ್ಕನಹಳ್ಳಿಯಲ್ಲಿ ಅಂಗಡಿಯೊಂದರ ಮುಂದೆ ಬೀಗ ಹಾಕಿ ಬಸ್ ಹತ್ತಿದೆ, ರಾತ್ರಿ ಮೇಲುಕೋಟೆಯಲ್ಲೇ 500 ರೂಪಾಯಿ ರೂಮು. ಮಾರನೇ ದಿನ ಹಿನ್ನೀರಿನ ಕಡೆ ಇಳಿದೆ. ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಎತ್ತಿ ತಂದು ಕಟ್ಟಿರುವುದು ಅಲ್ಲೇ, ಹೊಸ ಕನ್ನಂಬಾಡಿಯಲ್ಲಿ. ಹಿನ್ನೀರಿನ ಪಕ್ಕ ನಾನು ಊಟ ಮಾಡಿ ಮಲಗಿದ ತೋಪು ಎಲ್ಲಿದೆ ಅಂತ ಹೇಳಲ್ಲ. ಜನ ಬಂದರೆ ಪ್ಲಾಸ್ಟಿಕ್ ಬರುತ್ತದೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ, ಸೈಕಲ್, ರಿಪೇರಿ, ಟಯರ್, ಚೀಲ ಸೇರಿ ಐದು ಸಾವಿರದೊಳಗೆ. ದಂಡ ಹೋದದ್ದು ಬೇರೆ, ಅದೂ ಹೆಚ್ಚುಕಡಿಮೆ ಅಷ್ಟೇ. ದಾರಿಯಲ್ಲಿ ದಿನಕ್ಕೆ ಮುನ್ನೂರು, ರೂಮು ಬಿಟ್ಟು. ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡು ಒಂದು ಗಂಟೆ ಮಲಗಿದರೆ ಸಂಜೆವರೆಗೆ ಏನೂ ಬೇಡ.

ಮುಂದಿನ ಸಲ ಮದ್ದೂರು ಕಡೆ ನಾಲೆ ಹಿಡಿದು ಕೊಕ್ಕರೆ ಬೆಳ್ಳೂರಿಗೆ ಹೋಗುವ ಯೋಚನೆ ಇದೆ, ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡಿನಲ್ಲಿ ಇರುವಾಗಲೇ. ಬರುವವರು 22 ಹಲ್ಲಿನ ಫ್ರೀವೀಲ್ ಈಗಿನಿಂದಲೇ ಹುಡುಕಿ. ಸುಲಭಕ್ಕೆ ಸಿಗಲ್ಲ.