ಅಪ್ಪ ಅಮ್ಮನ ಜೊತೆ ಅಲಾಸ್ಕಾ ಕ್ರೂಸ್‌ಗೆ ಹೊರಡುವ ಮುಂಚೆ

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗಾದರೂ ಭಾರತದ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇಕು. 1886ರ ಅಮೆರಿಕದ ಕಾನೂನಿನಿಂದಾಗಿ ವಿದೇಶದಲ್ಲಿ ನೋಂದಣಿಯಾದ ಇಂಥ ಹಡಗುಗಳು ನಡುವೆ ಹೊರದೇಶದ ಬಂದರೊಂದನ್ನು ಮುಟ್ಟಲೇಬೇಕು. ಸಾಮಾನ್ಯವಾಗಿ ಅದು ಕೆನಡಾದ ವಿಕ್ಟೋರಿಯಾ. ನೀವು ಇಳಿಯದಿದ್ದರೂ ವೀಸಾ ಕೇಳುತ್ತಾರೆ. ಅಪ್ಪ ಅಮ್ಮನ ವೀಸಾ ಕೈಗೆ ಬಂದ ಮೇಲೆಯೇ ನಾನು ಪೂರ್ತಿ ಹಣ ಕಟ್ಟಿದ್ದು.

ಕ್ರೂಸ್ ಕಂಪನಿಯವರು ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲೇ ಖರ್ಚು ಮಾಡಲು ಕೊಡುವ ಹಣ) ಕೊಡ್ತೀವಿ ಅಂದರೆ, ಉಳಿದದ್ದು ವಾಪಸ್ ಬರುತ್ತಾ ಅಂತ ಕೇಳಿ. ಹೆಚ್ಚಾಗಿ ಬರುವುದಿಲ್ಲ. ಹಾಗಾಗಿ ಟಿಪ್ಸ್ ಮುಂಚೆಯೇ ಕಟ್ಟಬೇಡಿ, ಹಡಗಿನ ಬಿಲ್ಲಿಗೆ ಬರಲಿ, ಕ್ರೆಡಿಟ್‌ನಲ್ಲಿ ಕಳೆಯುತ್ತದೆ. ಕೊನೆಯ ರಾತ್ರಿ ಉಳಿದ ಕ್ರೆಡಿಟ್ ಮುಗಿಸಲು ಸುಮ್ನೆ ಟೀ ಶರ್ಟ್ ಕೊಳ್ಳುವುದಕ್ಕಿಂತ ಇದು ವಾಸಿ ಅಲ್ವಾ?

ವಿಮಾನದಲ್ಲಿ ಹಿಂದಿನ ದಿನವೇ ಬಂದಿಳಿಯಿರಿ. ತಡವಾದರೆ ಹಡಗು ಕಾಯಲ್ಲ.

ಅಮ್ಮ ಮೊಟ್ಟೆಯನ್ನೂ ತಿನ್ನಲ್ಲ ಅಂತ ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿದೆವು. ಮಾರನೇ ದಿನದಿಂದ ಬಿಸಿ ಅನ್ನ, ದಾಲ್, ಆಲೂ ಗೋಬಿ ಬಂತು.